ಫುಲ್ ಕ್ಲೀನ್

ಹನ್ನೆರಡನೇ ತಾರೀಖು ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಗೆ ಬಂದ ಹೆಂಗಸು ಮೇಜಿನ ಮೇಲೆ ಒಂದು ಮೊಬೈಲ್ ಇಟ್ಟು, "ಇದರ ಕ್ಯಾಮೆರಾ ರಿಪೇರಿ ಆಗಿದೆ ಸಾರ್. ಆದ್ರೆ ಒಳಗಿದ್ದದ್ದೆಲ್ಲ ಹೋಗಿದೆ" ಎಂದಳು.

ಅಂಗಡಿಗೆ ಹೋಗಿ ಕೇಳಮ್ಮ ಎನ್ನಲು ಮುಖ್ಯ ಪೇದೆ ಬಾಯಿ ತೆರೆದಿದ್ದ. ಎಲ್ಲದಕ್ಕೂ ಅಡ್ಡಪ್ರಶ್ನೆ ಹಾಕುವ ಅವನಿಗೆ ಠಾಣೆಯವರು ಇಟ್ಟ ಹೆಸರು ವಕೀಲಪ್ಪ. ಇನ್ಸ್‌ಪೆಕ್ಟರ್ ಕಣ್ಣಲ್ಲೇ ಅವನನ್ನು ಸುಮ್ಮನಿರಿಸಿ ಕುರ್ಚಿ ತೋರಿಸಿದರು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅವರು ಕಲಿತದ್ದು ಇಷ್ಟು: ಅಳುತ್ತಾ ಬಂದವರ ದೂರು ಕಾಯಬಹುದು, ಅಳು ಮುಗಿಸಿ ಬಂದವರದ್ದು ಕಾಯುವುದಿಲ್ಲ.

ಆಕೆಯ ಗಂಡ ಗೋದಾಮೊಂದರಲ್ಲಿ ಸಾಮಾನು ಎತ್ತುವ ಲಿಫ್ಟ್ ನಡೆಸುತ್ತಿದ್ದ. ಎರಡು ತಿಂಗಳ ಹಿಂದೆ ಹಗ್ಗ ಹರಿದು ಲಿಫ್ಟ್ ಬಿತ್ತು, ಅವನೂ ಹೋದ. ಹೆಚ್ಚು ಭಾರ ಹೇರಿದ್ದು ಅವನದೇ ತಪ್ಪು ಎಂದು ಮಾಲೀಕರು ಬರೆದುಕೊಟ್ಟಿದ್ದರು. ಆದರೆ ಅಂದು ಬೆಳಿಗ್ಗೆ, ಭಾರ ಹೇರುವ ಮೊದಲೇ, ಎಳೆ ಬಿಚ್ಚಿಕೊಂಡಿದ್ದ ತಂತಿ ಹಗ್ಗವನ್ನು ಅವನು ಇದೇ ಫೋನಿನಲ್ಲಿ ವಿಡಿಯೋ ಮಾಡಿದ್ದ. ಹತ್ತೊಂಬತ್ತಕ್ಕೆ ಕಾರ್ಮಿಕ ಅಧಿಕಾರಿಯ ವಿಚಾರಣೆ. ಸತ್ತವನ ಮೇಲಿನ ಕಳಂಕ ತೊಳೆಯಲು ಅವಳ ಹತ್ತಿರ ಇದ್ದದ್ದು ಆ ಇಪ್ಪತ್ತು ಸೆಕೆಂಡು ಮಾತ್ರ.

"ಬೇರೆ ಯಾರಿಗೂ ಕಳಿಸಿರಲಿಲ್ವಾ?" ಇನ್ಸ್‌ಪೆಕ್ಟರ್ ಕೇಳಿದರು.

"ಇಲ್ಲ ಸಾರ್. ಕಳಿಸಿದ್ರೆ ಅದರ ಬೆಲೆ ಹೋಗುತ್ತೆ, ಅಸಲೇ ತೋರಿಸ್ಬೇಕು ಅಂದ ನಮ್ಮ ಮೈದುನ."

"ಅದ್ರಲ್ಲಿ ನಿಮ್ಮ ಯಜಮಾನ್ರು ಏನಾದ್ರೂ ಮಾತಾಡಿದಾರಾ?"

"ಹಗ್ಗ ತೋರಿಸ್ತಾರೆ" ಎಂದು ಅವಳು ಸೆರಗು ಸರಿಮಾಡಿಕೊಂಡಳು.

ವಾರದ ಹಿಂದೆ ವಿಚಾರಣೆಯ ಕಾಗದಗಳ ಫೋಟೋ ತೆಗೆಯಹೋದರೆ ಎಲ್ಲ ಮಸುಕು ಮಸುಕು. ಮೈದುನ ತಾನೇ ಅಂಗಡಿಗೆ ಕೊಟ್ಟು ರಿಪೇರಿ ಮಾಡಿಸಿ ತಂದಿದ್ದ. ಗೋದಾಮಿನಲ್ಲಿ ಮೋಟಾರು ರಿಪೇರಿ ಅವನ ಕೆಲಸ. ಅಂಗಡಿಯವನು ತಪ್ಪಿ ಅಳಿಸಿದ ಎಂದು ಅವನೂ ತಲೆ ಚಚ್ಚಿಕೊಂಡನಂತೆ. ಹನ್ನೊಂದೂವರೆಗೆ ಎಫ್‌ಐಆರ್ ದಾಖಲಾಯಿತು. ಆರೋಪಿ: ಮೊಬೈಲ್ ರಿಪೇರಿ ಅಂಗಡಿಯವನು.

ಅಂಗಡಿ ಎಂದರೆ ಮೆಟ್ಟಿಲ ಕೆಳಗಿನ ಗೂಡು. ಭೂತಗನ್ನಡಿ, ಚಿಮ್ಮಟ, ಸ್ಕ್ರೂ ತುಂಬಿದ ಮಾತ್ರೆ ಡಬ್ಬಿಗಳು. ಪೊಲೀಸರನ್ನು ಕಂಡು ಅಂಗಡಿಯವನ ಕೈಯಲ್ಲಿದ್ದ ಚಿಮ್ಮಟ ನೆಲ ಸೇರಿತು.

"ಮೊದಲಿಂದ ಹೇಳು. ಏನೇನು ಮಾಡ್ದೆ?"

"ಲೆನ್ಸ್ ಒರೆಸ್ದೆ ಸಾರ್, ಹೋಗ್ಲಿಲ್ಲ. ಆಫ್ ಮಾಡಿ ಆನ್ ಮಾಡ್ದೆ. ಕ್ಯಾಮೆರಾ ಆ್ಯಪಿನ ಕಸ ತೆಗೆದೆ. ಬೇರೆ ಆ್ಯಪ್ ಅಡ್ಡ ಬರ್ತಿದೆಯೋ ಅಂತ ಸೇಫ್ ಮೋಡಲ್ಲೂ ನೋಡ್ದೆ. ಹಿಂದಿನದು ಅದೇ ಮಸುಕು, ಮುಂದಿನ ಕ್ಯಾಮೆರಾ ಚೆನ್ನಾಗಿದೆ. ಹಾಗಾದ್ರೆ ತೊಂದರೆ ಗಾಜಿನದೇ ಅಂತ ಹಿಂದಿನ ಗಾಜು ತೆಗೆದು ಭೂತಗನ್ನಡೀಲಿ ನೋಡಿದ್ರೆ, ಅದರ ಮೇಲೆ ತೆಳು ಹಳದಿ ಪೊರೆ. ಬ್ಲೇಡಿಗೂ ಜಗ್ಗಲ್ಲ. ಹೊಸ ಗಾಜು ಹಾಕ್ದೆ, ಚಿತ್ರ ಕನ್ನಡಿ ಹಾಗೆ ಬಂತು."

"ಸರಿಹೋಯ್ತಲ್ಲ. ಮತ್ತೆ ಅಳಿಸಿದ್ಯಾಕೆ?" ವಕೀಲಪ್ಪ ಕೇಳಿದ. ಅಪರೂಪಕ್ಕೆ ಅವನ ಅಡ್ಡಪ್ರಶ್ನೆ ಗುರಿಗೇ ತಾಗಿತು.

ಅಂಗಡಿಯವನು ರಸೀದಿ ಪುಸ್ತಕ ತೆರೆದ. 'ಕ್ಯಾಮೆರಾ ಮಸುಕು. ಫುಲ್ ಕ್ಲೀನ್.' ಕೆಳಗೆ ಅಚ್ಚಾದ ಸಾಲು: 'ಫೋನಿನಲ್ಲಿರುವುದೆಲ್ಲ ಅಳಿಸಿಹೋಗಲು ಒಪ್ಪಿಗೆ.' ಅದರಡಿ ಮೈದುನನ ಸಹಿ.

"ನಮ್ಮಲ್ಲಿ ಕ್ಲೀನ್ ಅಂದ್ರೆ ಬಟ್ಟೆಯಲ್ಲಿ ಒರೆಸೋದು. ಫುಲ್ ಕ್ಲೀನ್ ಅಂದ್ರೆ ರಿಸೆಟ್. ಫೋಟೋ ಹೋಗುತ್ತೆ ಅಂತ ಹೇಳ್ದೆ ಸಾರ್. ಹೋಗ್ಲಿ ಅಂದ್ರು. ಪಾಸ್‌ವರ್ಡನ್ನೂ ಅವರೇ ಹಾಕಿಕೊಟ್ರು."

ಕಸದ ಡಬ್ಬಿ ಸುರಿದು ಹುಡುಕಿದಾಗ ಬೇಳೆಯಷ್ಟಗಲದ ಹಳೇ ಗಾಜು ಸಿಕ್ಕಿತು. ಮಧ್ಯಾಹ್ನ ಒಂದೂವರೆಗೆ ಇಬ್ಬರು ಪಂಚರ ಎದುರು ಪಂಚನಾಮೆ ಮಾಡಿ ಗಾಜು, ರಸೀದಿ ಜಪ್ತಿ ಮಾಡಿದರು. ಇನ್ಸ್‌ಪೆಕ್ಟರ್ ಗಾಜನ್ನು ಬೆಳಕಿಗೆ ಹಿಡಿದು ನೋಡಿದರು. ಸವೆತವಲ್ಲ, ಕೊಳೆಯೂ ಅಲ್ಲ. ಯಾರೋ ಕುಂಚದಿಂದ ಎಳೆದ ಗೆರೆ ಕಾಣುತ್ತಿತ್ತು.

ಮರುದಿನ ಗೋದಾಮಿನ ಮೋಟಾರು ಕೋಣೆಯಲ್ಲಿ, ತಾಮ್ರದ ಸುರುಳಿಗೆ ಹಚ್ಚುವ ವಾರ್ನಿಷ್ ಡಬ್ಬಿಯ ಬಾಯಲ್ಲಿ ಅದೇ ಹಳದಿ ಒಣಗಿ ನಿಂತಿತ್ತು. ಅದರ ಮಾದರಿಯನ್ನೂ ಗಾಜನ್ನೂ ಫೋನನ್ನೂ ಪ್ರಯೋಗಾಲಯಕ್ಕೆ ಕಳಿಸಿದರು. ಹದಿನಾರಕ್ಕೆ ಉತ್ತರ ಬಂತು. ವಾರ್ನಿಷ್ ಎರಡೂ ಒಂದೇ. ವಿಡಿಯೋ ಮರಳಿ ಪಡೆಯಲು ಸಾಧ್ಯವಿಲ್ಲ. ಕೊನೆಯ ಸಾಲನ್ನು ಇನ್ಸ್‌ಪೆಕ್ಟರ್ ಮೂರು ಸಲ ಓದಿದರು.

ಅಂದೇ ಸಂಜೆ ನಾಲ್ಕಕ್ಕೆ ಮೈದುನನನ್ನು ಕರೆಸಿದರು. ಮೂವತ್ತು ದಾಟದ ಆಳು, ಉಗುರಿನ ಸಂದಿಯಲ್ಲಿ ಗ್ರೀಸು.

"ಫುಲ್ ಕ್ಲೀನ್ ಅಂತ ಯಾಕಂದೆ?"

"ಲೆನ್ಸ್ ಚೆನ್ನಾಗಿ ಒರೆಸ್ಲಿ ಅಂತ ಸಾರ್. ಅವನೇ ತಪ್ಪು ತಿಳ್ಕೊಂಡ."

"ಕೆಳಗೆ ಬರೆದದ್ದು ಓದ್ಲಿಲ್ವಾ?"

"ಇಲ್ಲ ಸಾರ್. ಸುಮ್ನೆ ಸೈನ್ ಹಾಕ್ದೆ."

"ನೋಡದೇ ಸೈನ್ ಹಾಕೋದು ನಿನಗೆ ರೂಢಿನಾ?"

ವಾರ್ನಿಷ್ ವರದಿ ಇನ್ನೂ ಕಡತದಲ್ಲೇ ಇತ್ತು. ಇನ್ಸ್‌ಪೆಕ್ಟರ್ ಕೇಳಿದ್ದು ಬರೀ ಗದರಿಕೆಗೆ. ಆದರೆ ಅವನ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ವಕೀಲಪ್ಪ ಬರೆಯುವುದನ್ನು ನಿಲ್ಲಿಸಿದ.

"ಯಾರು ಹೇಳಿದ್ರು ಸಾರ್? ಅತ್ತಿಗೆ ಹೇಳಿದ್ರಾ?"

"ನೀನು ಹೇಳು."

ದಿನಾ ಬೆಳಿಗ್ಗೆ ಹಗ್ಗ ಪರೀಕ್ಷಿಸಿ ರಿಜಿಸ್ಟರಿಗೆ ಸಹಿ ಹಾಕಬೇಕಾದವನು ಅವನೇ. ಮೇಲೆ ಹತ್ತಿ ನೋಡಲು ಅರ್ಧ ಗಂಟೆ ಬೇಕು. ವರ್ಷದಿಂದ ಅವನು ಹತ್ತಿರಲಿಲ್ಲ. ವರ್ಷವಿಡೀ ಸಾಲಾಗಿ 'ಹಗ್ಗ ಸರಿಯಿದೆ', ಸಾಲಾಗಿ ಸಹಿ. ಗಾಜಿಗೆ ವಾರ್ನಿಷ್ ಬಳಿದದ್ದೂ ಅವನೇ, ಫೋನನ್ನು ಅಂಗಡಿಗೆ ಒಯ್ದು ಅಲ್ಲಿ ಅಳಿಸಿಸಲು ನೆಪ ಬೇಕಿತ್ತು.

"ಜೈಲಿಗೆ ಹೆದರಿ ಅಳಿಸಿದ್ದಲ್ಲ ಸಾರ್" ಎಂದು ಅವನು ಬಿಕ್ಕಿದ. "ಕೊನೇಲಿ ಅಣ್ಣ ನಗ್ತಾ ಒಂದು ಮಾತು ಹೇಳಿದಾನೆ. 'ತಮ್ಮ ಸೈನ್ ಹಾಕಿದಾನೆ ಅಂದ್ಮೇಲೆ ನೋಡೇ ಇರ್ತಾನೆ ಬಿಡು' ಅಂತ. ಅಂದು ಲಿಫ್ಟ್ ಹತ್ತಿದ್ದೂ ಅದಕ್ಕೇ. ಅದನ್ನ ಅತ್ತಿಗೆ ಎದುರು, ಎಲ್ಲರ ಎದುರು ಹೇಗೆ ಕೇಳಿಸ್ಕೊಳ್ಳಲಿ?"

ಐದು ಹತ್ತಕ್ಕೆ ಸಾಕ್ಷ್ಯನಾಶದ ಆರೋಪದಡಿ ಅವನನ್ನು ಬಂಧಿಸಿದರು. ರಿಜಿಸ್ಟರನ್ನೂ ತರಿಸಿದರು. ಆದರೆ ಅದರಲ್ಲಿ ಆ ದಿನದ ಸಾಲೂ ಹಗ್ಗ ಸರಿಯಿದೆ ಎಂದೇ ಹೇಳುತ್ತಿತ್ತು. ಠಾಣೆಯಲ್ಲಿ ಹೇಳಿದ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಹರಿದ ಹಗ್ಗ ಗುಜರಿಗೆ ಹೋಗಿ ತಿಂಗಳಾಗಿತ್ತು. ಹತ್ತೊಂಬತ್ತಕ್ಕೆ ಆಕೆ ಬರಿಗೈಯಲ್ಲೇ ಹೋಗಬೇಕಿತ್ತು.

ಬಂಧನದ ವಿಷಯ ತಿಳಿಸಲು ಆಕೆಯನ್ನು ಕರೆಸಿದಾಗ ಮೈದುನ ಲಾಕಪ್ಪಿನಲ್ಲಿ ಗೋಡೆಗೆ ಮುಖಮಾಡಿ ಕೂತಿದ್ದ. ಇನ್ಸ್‌ಪೆಕ್ಟರ್ ಆ ಕೊನೆಯ ಮಾತನ್ನೂ ಮುಚ್ಚಿಡದೆ ಹೇಳಿದರು.

"ಗೊತ್ತು ಸಾರ್" ಎಂದಳು ಆಕೆ. "ಎಷ್ಟು ಸಲ ಕೇಳಿದೀನಿ. ಅದು ಹದಿನೈದನೇ ಸೆಕೆಂಡಿಗೆ ಬರುತ್ತೆ. ಹಗ್ಗ ಕಾಣೋದು ಅದಕ್ಕೆ ಮೊದ್ಲೇ. ಅಷ್ಟು ತೋರಿಸಿ ಬೆರಳಿಟ್ಟು ನಿಲ್ಲಿಸ್ಬಿಡೋಣ ಅಂತ ದಿನಾ ಅಭ್ಯಾಸ ಮಾಡ್ತಿದ್ದೆ. ಇವನೊಬ್ಬನಾದ್ರೂ ಉಳೀಲಿ ಅಂತ."

ವಕೀಲಪ್ಪ ಅಡ್ಡಪ್ರಶ್ನೆ ಹಾಕದೆ ಅವಳ ಮಾತನ್ನು ಬರೆದುಕೊಂಡು ಕಾಗದ ಮುಂದಿಟ್ಟ. ಹೇಳಿಕೆಯ ಕೆಳಗೆ ಸಹಿ ಮಾಡುವ ಮೊದಲು ಆಕೆ ಪ್ರತಿ ಸಾಲನ್ನೂ ಬೆರಳಿಟ್ಟು ಓದಿದಳು. ಇನ್ಸ್‌ಪೆಕ್ಟರ್ ಅವಸರ ಮಾಡಲಿಲ್ಲ.