ಹೊಲಿಗೆಯೊಳಗೆ ಏನಿತ್ತು

ಇರ್ಮಿನಾ ಅವನ ಮುಖ ನೋಡುವ ಮೊದಲು ನೋಡಿದ್ದು ಅವನ ಹಿಂಭಾಗವನ್ನು. ಪ್ರೇಮ ಹಾಗೆ ಶುರುವಾಗಬಾರದು, ಒಪ್ಪೋಣ. ಆದರೆ ಡಾಕ್ಟರ್ ವೊಯ್ನಾರ್ ಅವರ ಕೋಣೆಗೆ ಬರುವ ಗಂಡಸರೆಲ್ಲ ಮೊದಲು ಬೆಲ್ಟು ಬಿಚ್ಚಿ ಬೋರಲು ಮಲಗಲೇಬೇಕು. ಅದು ಅಲ್ಲಿನ ಕ್ರಮ.

"ಸಿಸ್ಟರ್, ಸ್ವಲ್ಪ ನಿಧಾನ. ಊರಲ್ಲಿ ನಂಗಿರೋ ಮರ್ಯಾದೆಯೆಲ್ಲ ಈಗ ಅಲ್ಲೇ ಉಳ್ಕೊಂಡಿರೋದು," ಎಂದ ಅವನು, ದಿಂಬಿನೊಳಗೆ ಮುಖ ಹುದುಗಿಸಿ.

"ಹಾಗಾದ್ರೆ ಬಹಳ ಚಿಕ್ಕ ಮರ್ಯಾದೆ," ಎಂದಳು ಇರ್ಮಿನಾ, ಹತ್ತಿಗೆ ಅಯೋಡಿನ್ ಹಚ್ಚುತ್ತಾ.

ದಿಂಬು ನಕ್ಕಿತು. ಆ ನಗು ಅವಳ ಬೆರಳಿಗೆ ತಾಕಿತು.

ನಾರೆವ್ ನದಿಯ ದಂಡೆಯ ಆ ಸಣ್ಣ ಊರಿನಲ್ಲಿ ವೊಯ್ನಾರ್ ಬಾಗಿಲು ತಟ್ಟದ ಮನೆ ಕಡಿಮೆ. ಹೆಂಡತಿಯರು ಕುಡುಕ ಗಂಡಂದಿರನ್ನು ಎಳೆದು ತರುತ್ತಿದ್ದರು, ತಾಯಂದಿರು ಬೆಳೆದ ಗಂಡುಮಕ್ಕಳನ್ನು. ಕುಂಡೆಯ ಮೇಲೆ ಒಂದು ಸಣ್ಣ ಗಾಯ ಮಾಡಿ, ಒಳಗೆ ಗುಳಿಗೆ ಇಟ್ಟು, ಹೊಲಿದು ಕಳಿಸುವುದು. ಒಂದು ವರ್ಷ ಅದು ಮೈಯಲ್ಲಿ ಕರಗುತ್ತಿರುತ್ತದೆ. ಅಷ್ಟರೊಳಗೆ ವೋಡ್ಕಾ ಮುಟ್ಟಿದರೆ ಮುಖ ಕೆಂಡವಾಗುತ್ತದೆ, ಎದೆ ಹಾರುತ್ತದೆ, ಉಸಿರು ಕಟ್ಟುತ್ತದೆ, ಪ್ರಾಣವೂ ಹೋಗಬಹುದು. ಇದೆಲ್ಲ ಗೊತ್ತಿದೆ ಎಂದು ರುಜು ಹಾಕಿಸಿಕೊಂಡ ಮೇಲೇ ಹೊಲಿಗೆ. ಅಂಥವನನ್ನು ಊರವರು 'ಹೊಲಿಸಿಕೊಂಡವನು' ಎನ್ನುತ್ತಿದ್ದರು.

ಇವನನ್ನು ಯಾರೂ ಎಳೆದು ತಂದಿರಲಿಲ್ಲ. ಕಯೆತಾನ್, ಮೂವತ್ತಾರು ವರ್ಷ, ಮದುವೆಮನೆಗಳಲ್ಲಿ ಅಕಾರ್ಡಿಯನ್ ನುಡಿಸುವವನು. ಕಳೆದ ಶನಿವಾರ ಒಂದು ಮದುವೆಯಲ್ಲಿ ವಾದ್ಯದ ಸಮೇತ ಕೇಕಿನ ಮೇಲೆ ಬಿದ್ದಿದ್ದ. ಸೋಮವಾರ ತಾನೇ ನಡೆದು ಬಂದಿದ್ದ.

ವೊಯ್ನಾರ್ ರಕ್ತದ ರಿಪೋರ್ಟನ್ನು ಬೆಳಕಿಗೆ ಹಿಡಿದರು. ಹುಬ್ಬು ಗಂಟಾಯಿತು. ಇರ್ಮಿನಾಳನ್ನು ನೋಡಿ, ಮಾತಿಲ್ಲದೆ, ಟ್ರೇಯ ಎಡಗಡೆಯಿದ್ದ ಬಿಳಿ ಡಬ್ಬಿಯತ್ತ ಬೆರಳು ತೋರಿಸಿದರು. ಅವಳು ಅದರಿಂದಲೇ ಗುಳಿಗೆ ತೆಗೆದುಕೊಟ್ಟಳು. ಅವನು ಬೋರಲು ಮಲಗಿದ್ದ, ನೋಡಲಿಲ್ಲ.

ಅವನು ಕುಂಟುತ್ತಾ ಹೋದ ಮೇಲೆ ವೊಯ್ನಾರ್ ಕೈ ತೊಳೆಯುತ್ತಾ ಹೇಳಿದರು: "ಲಿವರ್ ಹೋಗಿದೆ ಅವಂದು. ನಿಜವಾದ್ದು ಇಟ್ರೆ ಔಷಧಿನೇ ಕೊಂದ್ಬಿಡುತ್ತೆ. ಅದಕ್ಕೇ ಕ್ಯಾಲ್ಸಿಯಂ. ಹಲ್ಲು ಗಟ್ಟಿಯಾಗುತ್ತೆ, ಇನ್ನೇನಿಲ್ಲ. ಮಿಕ್ಕಿದ್ದು ಹೆದರಿಕೆ ನೋಡ್ಕೊಳ್ಳುತ್ತೆ. ಬಾಯಿ ಬಿಟ್ಟೀಯ ಜೋಕೆ. ಹೆದರಿಕೆ ಹೋದ್ರೆ ಅವನೂ ಹೋದ ಹಾಗೇ."

"ನಾನ್ಯಾಕೆ ಹೇಳ್ಲಿ ಡಾಕ್ಟ್ರೇ," ಎಂದಳು ಇರ್ಮಿನಾ. ಆಗ ಅವನು ಅವಳಿಗೆ ಯಾರೂ ಅಲ್ಲ.

ಎಂಟನೆಯ ದಿನ ಹೊಲಿಗೆ ಬಿಚ್ಚಿಸಲು ಬಂದ. ಹನ್ನೆರಡನೆಯ ದಿನ, ಬಿಚ್ಚಿದ ಹೊಲಿಗೆ ಕೆರೆಯುತ್ತದೆ ಎಂದು ಬಂದ. ಇಪ್ಪತ್ತನೆಯ ದಿನ ಕೆರೆತ ನಿಂತಿದೆ ಎಂದು ತಿಳಿಸಲು ಬಂದ.

"ನಿಂತಿದ್ರೆ ಯಾಕೆ ಬಂದ್ರಿ?"

"ಅದೇ ಗಾಬರಿ ಸಿಸ್ಟರ್. ಕೆರೆತ ಇದ್ದಾಗ ಒಂದು ನೆಪ ಇತ್ತು."

ಅವಳು ರಿಜಿಸ್ಟರಿನತ್ತ ತಲೆ ಬಗ್ಗಿಸಿದಳು. ಪೆನ್ನು ಒಂದೇ ಹೆಸರನ್ನು ಎರಡು ಸಲ ಬರೆಯಿತು. ಅವನು ಮೇಜಿನಾಚೆಯಿಂದ ತಲೆಕೆಳಗಾಗಿ ಅದನ್ನು ಓದಿದ. ಓದಿದ್ದು ಅವಳಿಗೆ ಗೊತ್ತಾಯಿತು. ಗೊತ್ತಾದದ್ದು ಅವನಿಗೂ ತಿಳಿಯಿತು.

ಮೇ ತಿಂಗಳಲ್ಲಿ ನದಿ ದಂಡೆಯಲ್ಲಿ ನಡೆಯುತ್ತಾ ಅವನು ಕೇಳಿದ, "ಎಷ್ಟು ದಿನ ಅಂತ ಹೀಗೆ ನೀವು, ತಾವು? ನಮ್ಮಲ್ಲಿ ತೋಳಿಗೆ ತೋಳು ಕೊಂಡಿ ಹಾಕಿ ಒಂದೊಂದು ಗುಟುಕು ಕುಡಿದ್ರೆ ತಾನೇ 'ನೀನು' ಅನ್ನೋಕೆ ಹಕ್ಕು ಬರೋದು? ನಾನು ಹೊಲಿಸ್ಕೊಂಡೋನು. ಸಾಯೋವರ್ಗೂ ನಿಮ್ಮನ್ನ ಸಿಸ್ಟರ್ ಅಂತಾನೇ ಕರೀಬೇಕಾ?"

ಅವಳು ಚೀಲದಿಂದ ಚೆರ್ರಿ ಹಣ್ಣಿನ ಪಾನಕದ ಬಾಟಲಿ ತೆಗೆದಳು. ತೋಳಿಗೆ ತೋಳು ಸಿಕ್ಕಿಸಿ ಕುಡಿದರು. ಪಾನಕ ಅವಳ ಗಲ್ಲದ ಮೇಲೆ ಇಳಿಯಿತು. ಕ್ರಮದ ಪ್ರಕಾರ ಕುಡಿದ ಮೇಲೆ ಮುತ್ತು. ಅವನು ಕ್ರಮ ತಪ್ಪುವವನಲ್ಲ.

"ಇರ್ಕಾ," ಎಂದ ಮೊದಲ ಸಲ, ಅವಳ ಹೆಸರನ್ನು ಮುದ್ದಿಗೆ ಮೊಟಕು ಮಾಡಿ.

"ಹೇಳು ಕಯ್ತೆಕ್."

"ಏನೂ ಇಲ್ಲ. ಸುಮ್ನೆ ಕರೆದು ನೋಡ್ದೆ."

ಆದರೆ ಪ್ರೀತಿಸುತ್ತೇನೆ ಎಂದು ಮಾತ್ರ ಅವನು ಹೇಳಲಿಲ್ಲ. ಬೇಸಿಗೆಯೆಲ್ಲ ಕಳೆಯಿತು. ಜಗತ್ತಿನ ಎಲ್ಲದರ ಬಗ್ಗೆ ಹಾಸ್ಯ ಮಾಡುತ್ತಿದ್ದ, ಇದೊಂದರ ಹತ್ತಿರ ಬಂದರೆ ಬಾಯಿಗೆ ಬೀಗ. ಮೂವತ್ತೊಂದು ವರ್ಷದ ಇರ್ಮಿನಾಳಿಗೆ ಆ ಮಾತನ್ನು ಇದುವರೆಗೆ ಯಾರೂ ಹೇಳಿರಲಿಲ್ಲ. ಹಸಿದವರಿಗೆ ಮಾತ್ರ ಗೊತ್ತಿರುವಂಥ ಹಸಿವು ಅದು. ಪಕ್ಕದ ಮನೆಯ ಅಡುಗೆಯ ವಾಸನೆಗೂ ಕಣ್ಣು ತುಂಬುತ್ತದೆ.

ಸೆಪ್ಟೆಂಬರಿನಲ್ಲಿ ಅವಳ ಅಮ್ಮ ಸ್ತೆಫಾನಿಯಾಳ ಹೆಸರಿನ ಸಂತಳ ದಿನ. ನಮ್ಮಲ್ಲಿ ಹುಟ್ಟುಹಬ್ಬಕ್ಕಿಂತ ಅದೇ ದೊಡ್ಡದು. ಅಮ್ಮ ಮೂರು ಪದರದ ಕೇಕು ಮಾಡಿದ್ದಳು. ಮೂವತ್ತು ವರ್ಷದ ಅಭ್ಯಾಸದ ಕೈ, ಪ್ರತಿ ಪದರಕ್ಕೂ ನಿಂಬೆರಸದ ಜೊತೆ ಖಡಕ್ ಸ್ಪಿರಿಟ್ ಸುರಿದಿತ್ತು. ಕಯೆತಾನ್ ಒಂದು ದೊಡ್ಡ ತುಂಡು ತಿಂದು, ಎರಡನೆಯದನ್ನು ಅರ್ಧ ಮುಗಿಸಿ, ಚಮಚ ಕೆಳಗಿಟ್ಟ.

"ಸ್ತೆಫಾನಿಯಾಮ್ಮ, ಇದ್ರಲ್ಲಿ ಏನಿದೆ?"

ಅಮ್ಮ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಅಷ್ಟೇ ಸಾಕಾಯಿತು.

ಅವನು ಎದ್ದು ಒಳಕೋಣೆಗೆ ಹೋಗಿ ಮಂಚದ ಮೇಲೆ ಮಲಗಿದ. ಮುಖ ಸುಣ್ಣವಾಗಿತ್ತು. ಇರ್ಮಿನಾ ಹಿಂದೆಯೇ ಓಡಿ ಬಾಗಿಲು ಹಾಕಿದಳು. ನಾಡಿ ಹಿಡಿದಳು. ಕುದುರೆಯಂತೆ ಓಡುತ್ತಿತ್ತು, ಬರೀ ಹೆದರಿಕೆಯಿಂದ. ಹೇಳಬೇಕೆಂದು ಅವಳು ಬಾಯಿ ತೆರೆದಳು ಕೂಡ.

"ಆಂಬುಲೆನ್ಸ್ ಬೇಡ, ಬರೋಷ್ಟ್ರಲ್ಲಿ ಮುಗ್ದಿರುತ್ತೆ," ಎಂದ ಅವನು. "ಇರ್ಕಾ, ಕೇಳು. ಮೊದ್ಲೇ ಹೇಳ್ಬೇಕಿತ್ತು. ನಿನ್ನ ಕಂಡ್ರೆ ನಂಗೆ ಜೀವ ಕಣೇ. ಆ ದಿಂಬಿನ ಮೇಲೆ ಬಿದ್ದಿದ್ದಾಗ್ಲೇ, ಮುಖಾನೇ ನೋಡಿರ್ಲಿಲ್ಲ, ದನಿಗೇ ಬಿದ್ಹೋದೆ. ಬೆಳಗ್ಗೆ ಎದ್ರೆ, ಇವತ್ತು ಕುಡೀದೆ ಇರೋಕೆ ಇವಳಿದ್ದಾಳೆ ಅನ್ಸುತ್ತೆ. ನಂಗೆ ಹೆಂಡತಿ ಅಂತ ಒಬ್ಳು ಆಗೋದಾದ್ರೆ..."

ಒಂದು ಮಾತು ಸಾಕಿತ್ತು. 'ನಿನಗೇನೂ ಆಗಲ್ಲ' ಅಂದರೆ ಮುಗಿಯುತ್ತಿತ್ತು. ಇರ್ಮಿನಾ ತೆರೆದ ಬಾಯಿಯನ್ನು ಮುಚ್ಚಿದಳು. ಕೊನೆಯವರೆಗೂ ಕೇಳಬೇಕಿತ್ತು ಅವಳಿಗೆ. ಅವನ ಬೆವೆತ ಕೈಯನ್ನು ಕೆನ್ನೆಗೊತ್ತಿಕೊಂಡು, ಕಾಲು ಗಂಟೆ, ಒಂದೊಂದು ಮಾತನ್ನೂ ಬೆಲ್ಲದ ಚೂರಿನಂತೆ ನಾಲಿಗೆಯ ಮೇಲೆ ಇಟ್ಟುಕೊಂಡಳು. ನಡುವೆ ಅವನು, "ನಮ್ಮಮ್ಮನ ಗೋರಿ ಪಕ್ಕದಲ್ಲೇ ನನ್ನನ್ನೂ ಹೂಳ್ಸು," ಎಂದ. ಅವಳು, "ಹಾಗೆಲ್ಲ ಮಾತಾಡ್ಬೇಡ, ಆಮೇಲೆ? ಆಮೇಲೆ ಏನನ್ನಿಸ್ತು?" ಎಂದಳು.

ಅವನು ಸಾಯಲಿಲ್ಲ. "ಕೇಕಲ್ವಾ, ಸ್ವಲ್ಪಾನೇ ಇದ್ದಿರ್ಬೇಕು," ಎಂದಳು. ಅವನು ಅತ್ತ. ಹೊರಗೆ ಬಂದು ಎಲ್ಲರೆದುರು ಮದುವೆಯಾಗುತ್ತೀಯಾ ಎಂದು ಕೇಳಿದ. ನೆಂಟರು ಚಪ್ಪಾಳೆ ತಟ್ಟಿದರು.

ಈಸ್ಟರ್ ಕಳೆದ ಮೇಲೆ ಮದುವೆ ಎಂದಾಯಿತು. ಫೆಬ್ರವರಿ ಬಂತು, ಹೊಲಿಗೆಗೆ ವರ್ಷ ತುಂಬಿತು. ಒಂದು ಮಧ್ಯಾಹ್ನ, ವೊಯ್ನಾರ್ ಊಟಕ್ಕೆ ಹೋಗಿದ್ದಾಗ ಕಯೆತಾನ್ ಬಂದು ರೋಗಿಗಳ ಬೆಂಚಿನ ಮೇಲೆ ಕುಳಿತ.

"ಗುರುವಾರಕ್ಕೆ ನನ್ನ ಹೆಸರು ಬರ್ಕೋ. ಹೊಸದು ಹಾಕಿಸ್ಕೋಬೇಕು. ಅದಿಲ್ದೆ ನಾನು ಒಂದು ವಾರ ಕೂಡ ಕುಡೀದೆ ನಿಲ್ಲೋನಲ್ಲ."

ಇರ್ಮಿನಾಳಿಗೆ ಸಿಟ್ಟು ಬಂತು. ವರ್ಷವಿಡೀ ನಿಂತವನು ಅವನು, ಹೊಗಳಿಕೆಯೆಲ್ಲ ಕ್ಯಾಲ್ಸಿಯಂ ಗುಳಿಗೆಗೆ. ಗಂಡನಾಗುವವನಿಗೆ ಅವನದೇ ಬೆನ್ನುಮೂಳೆಯನ್ನು ಉಡುಗೊರೆ ಕೊಡುವ ಮನಸ್ಸಾಯಿತು. ಬಹಳ ದೊಡ್ಡ ಉಡುಗೊರೆ ಅಂದುಕೊಂಡಳು.

"ಕಯ್ತೆಕ್, ಅದ್ರಲ್ಲಿ ಏನೂ ಇರ್ಲಿಲ್ಲ."

"ಎದ್ರಲ್ಲಿ?"

"ಹೊಲಿಗೆಯೊಳಗೆ. ಕ್ಯಾಲ್ಸಿಯಂ ಇತ್ತು. ನಿನ್ನ ಲಿವರ್ ತಡೀತಿರ್ಲಿಲ್ಲ ಅಂತ ಡಾಕ್ಟ್ರು... ನಾನೇ ಡಬ್ಬಿಯಿಂದ ತೆಗೆದುಕೊಟ್ಟೆ. ಗೊತ್ತಾಯ್ತಾ? ಯಾವ ಔಷಧಿನೂ ನಿನ್ನ ಹಿಡ್ಕೊಂಡಿರ್ಲಿಲ್ಲ. ನಿಂತಿದ್ದು ನೀನು."

ಅವನು ಮೊದಲು ನಕ್ಕ. "ಕ್ಯಾಲ್ಸಿಯಂ. ನನ್ನ ಅಂಡಿಗೆ ಹಲ್ಲು ಬಂದಿರ್ಬೇಕು." ಅವಳೂ ನಕ್ಕಳು. ಆಮೇಲೆ ಅವನೊಬ್ಬನ ನಗು ನಿಂತಿತು. ಕಣ್ಣು ನೆಲದ ಮೇಲೆ ಏನನ್ನೋ ಹುಡುಕುವಂತೆ ಹಿಂದೆ, ಹಿಂದೆ ಹೋಯಿತು. ಸೆಪ್ಟೆಂಬರಿಗೆ ಹೋಗಿ ನಿಂತಿತು.

"ನಿಮ್ಮಮ್ಮನ ಹೆಸರಿನ ದಿನ," ಎಂದ.

ಅವಳು ರಿಜಿಸ್ಟರ್ ಮುಚ್ಚಿದಳು.

"ನಾನು ಸಾಯ್ತಿದ್ದೆ ಇರ್ಕಾ."

"ಸಾಯ್ತಿರ್ಲಿಲ್ಲ ನೀನು."

"ಅದು ನಂಗೆ ಗೊತ್ತಿರ್ಲಿಲ್ವಲ್ಲ. ನಿಂಗೆ ಗೊತ್ತಿತ್ತು. ನಾನು ಗೋರಿ ಜಾಗ ಹೇಳ್ತಿದ್ದೆ, ನೀನು 'ಆಮೇಲೆ?' ಅಂದೆ." ಅವನ ದನಿ ಏರಲಿಲ್ಲ. "ಚೆನ್ನಾಗಿತ್ತಾ?"

ಸುಳ್ಳು ಹೇಳಬಹುದಿತ್ತು. ಆದರೆ ಅವತ್ತು ಅವಳು ನಿಜ ಹೇಳುವ ಹುಮ್ಮಸ್ಸಿನಲ್ಲಿದ್ದಳು.

"ಚೆನ್ನಾಗಿತ್ತು," ಎಂದಳು. "ನನ್ನ ಹತ್ರ ಯಾರೂ ಯಾವತ್ತೂ ಹಾಗೆ ಮಾತಾಡಿರ್ಲಿಲ್ಲ ಕಯ್ತೆಕ್."

ಅವನು ಟೋಪಿ ಹಾಕಿಕೊಂಡು ಎದ್ದ. ಬಾಗಿಲನ್ನು ಮೆಲ್ಲಗೆ ಮುಚ್ಚಿದ. ದಢಾರನೆ ಹಾಕಿದ್ದರೆ ಎಷ್ಟೋ ವಾಸಿಯಿತ್ತು.

"ನೋಡ್ತಿರು," ಎಂದಳು ಅಮ್ಮ, ಆಲೂಗಡ್ಡೆ ಸುಲಿಯುತ್ತಾ. "ವಾರದೊಳಗೆ ಚರಂಡೀಲಿ ಬಿದ್ದಿರ್ತಾನೆ. ಆಗ ಬಂದು ನಿನ್ನ ಕಾಲೇ ಹಿಡೀತಾನೆ. ನಿಮ್ಮಪ್ಪ ಎಷ್ಟು ಸಲ ಬಂದಿಲ್ಲ?"

ಇರ್ಮಿನಾ ಕಾದಳು. ಪಾಪದ ಮಾತು, ಆದರೆ ಹೇಳಿಬಿಡೋಣ: ಅವನು ಕುಡಿಯಲಿ ಎಂದು ಕಾದಳು. ಕೆಲಸದಿಂದ ಬರುವಾಗ ಸುತ್ತಿನ ದಾರಿ ಹಿಡಿದು ಬಾರಿನ ಮುಂದೆ ಹಾದು ಬರುತ್ತಿದ್ದಳು. ಒಂದು ಸಲ ಬಿದ್ದರೆ ಸಾಕು, ಎತ್ತಿ ಮನೆಗೆ ತರುತ್ತೇನೆ, ಮುಖ ತೊಳೆಯುತ್ತೇನೆ, ಮತ್ತೆ ಹೊಲಿಯುತ್ತೇನೆ. ಮಾರ್ಚ್ ಹೋಯಿತು. ಈಸ್ಟರ್ ಹೋಯಿತು. ಅವರ ಮದುವೆಯ ದಿನ ಪಕ್ಕದ ಹಳ್ಳಿಯಲ್ಲಿ ಬೇರೆ ಯಾರದೋ ಮದುವೆಗೆ ನುಡಿಸಿದನಂತೆ. ಕುಡಿಯಲಿಲ್ಲವಂತೆ.

ಜೂನಿನಲ್ಲಿ ಅವಳ ಚಿಕ್ಕಪ್ಪ ಬ್ರೊನಿಸ್‌ನ ಮಗಳಿಗೆ ಮದುವೆ, ಅಗ್ನಿಶಾಮಕ ದಳದ ಸಭಾಂಗಣದಲ್ಲಿ. ವೇದಿಕೆಯ ಮೇಲೆ ಅಕಾರ್ಡಿಯನ್ ಹಿಡಿದು ಕಯೆತಾನ್. ತೆಳ್ಳಗಾಗಿದ್ದ, ಷರ್ಟು ಇಸ್ತ್ರಿಯಾಗಿತ್ತು. ಇರ್ಮಿನಾ ಸಾರಿನ ಬಟ್ಟಲಿನಿಂದ ಕಣ್ಣೆತ್ತಲಿಲ್ಲ. ಎತ್ತದೆಯೇ ಎಲ್ಲ ಕಂಡಳು.

ಬ್ಯಾಂಡಿನವರು ಊಟಕ್ಕೆ ಕೆಳಗಿಳಿದಾಗ ಬ್ರೊನಿಸ್ ಚಿಕ್ಕಪ್ಪ ಬಾಟಲಿ ಹಿಡಿದು ಅವನೆದುರು ನಿಂತ. ಬಾಗಿಲಿಗೆ ಅಡ್ಡವಾಗುವಂಥ ಆಳು.

"ನನ್ನ ಮಗಳ ಆರೋಗ್ಯಕ್ಕೆ ಒಂದು."

"ಹೊಲಿಸ್ಕೊಂಡಿದ್ದೀನಿ ಬ್ರೊನಿಸಣ್ಣ."

ಮದುವೆಮನೆಯಲ್ಲಿ ಈ ಮಾತಿಗೆ ಎದುರಿಲ್ಲ. ಬಸುರಿಯನ್ನು, ಗಾಡಿ ಓಡಿಸುವವನನ್ನು, ಹೊಲಿಸಿಕೊಂಡವನನ್ನು ಯಾರೂ ಒತ್ತಾಯಿಸುವುದಿಲ್ಲ. ಆದರೆ ಚಿಕ್ಕಪ್ಪ ಆಗಲೇ ಅರ್ಧ ಬಾಟಲಿ ಇಳಿಸಿದ್ದ.

"ಯಾರಿಗಯ್ಯಾ ಹೇಳ್ತೀಯ? ಹೋದ ವರ್ಷದ್ದು ಕರಗಿ ಯಾವ ಕಾಲವಾಯ್ತು. ಈ ವರ್ಷ ನೀನು ವೊಯ್ನಾರ್ ಬಾಗಿಲು ತುಳಿದಿಲ್ಲ, ಊರಿಗೆಲ್ಲ ಗೊತ್ತು. ನನ್ನ ಮಗಳ ಮದುವೇಲಿ ಕುಡಿಯಲ್ಲ ಅಂದ್ರೆ ಅವಳಿಗೆ ಕೇಡು ಬಯಸಿದ ಹಾಗೆ." ಲೋಟ ತುಂಬಿಸಿ ಅವನ ಬೆರಳುಗಳ ನಡುವೆ ತುರುಕಿದ. "ಕುಡಿ. ಇಲ್ಲ ಅಂದ್ರೆ ವಾದ್ಯ ಕಟ್ಕೊಂಡು ಹೊರಡು."

ಸುತ್ತ ಜನ ಕೂಡಿದರು. ಕಯೆತಾನ್ ಲೋಟವನ್ನು ನೋಡಿದ. ಅವನ ಗಂಟಲು ಒಂದು ಸಲ ಮೇಲೆ ಹೋಗಿ ಕೆಳಗೆ ಬಂತು. ಹತ್ತು ಮಾರು ದೂರದಿಂದ ಇರ್ಮಿನಾ ಅದನ್ನು ಕಂಡಳು. ಆಮೇಲೆ ಅವನು ತಲೆಯೆತ್ತಿ ನೇರ ಅವಳನ್ನು ನೋಡಿದ, ನಾಲ್ಕು ತಿಂಗಳಲ್ಲಿ ಮೊದಲ ಸಲ.

"ಸಿಸ್ಟರ್ ಇಲ್ಲೇ ಇದ್ದಾರಲ್ಲ, ಅವರನ್ನೇ ಕೇಳಿ," ಎಂದ. "ಸಿಸ್ಟರ್, ನೀವೇ ಹೇಳಿ. ನನ್ನೊಳಗೆ ಏನಿದೆ?"

ಸಿಸ್ಟರ್. ನೀವು.

ಎಲ್ಲರೂ ಅವಳತ್ತ ತಿರುಗಿದರು. ಏನೂ ಇಲ್ಲ ಎಂದರೆ ಸಾಕು, ಆ ಲೋಟ ಅವನ ಬಾಯಿಗೆ ಹೋಗುತ್ತದೆ. ಅದರ ಹಿಂದೆ ಇನ್ನೊಂದು. ಬೆಳಗಾಗುವಷ್ಟರಲ್ಲಿ ಅವನು ಎಲ್ಲೋ ಬಿದ್ದಿರುತ್ತಾನೆ, ಎತ್ತಲು ಅವಳು ಹೋಗುತ್ತಾಳೆ. ನಿಜ ಹೇಳಿದರೆ ಅವನು ಅವಳವನು. ನಿಜವನ್ನೇ ಹೇಳಬೇಕಾಗಿರುವುದು, ಪಾಪವೂ ಇಲ್ಲ.

ಇರ್ಮಿನಾ ಕುರ್ಚಿ ಹಿಂದೆ ಸರಿಸಿ ಎದ್ದಳು.

"ಬಾಟಲಿ ಕೆಳಗಿಡಿ ಚಿಕ್ಕಪ್ಪ," ಎಂದಳು. "ಇವರಿಗೆ ಮೊನ್ನೆ ಹೊಸದು ಹಾಕಿದ್ದೀವಿ. ನಾನೇ ಹೊಲಿದಿದ್ದು. ಒಂದು ಗುಟುಕು ಒಳಗೆ ಹೋದ್ರೆ ಇಲ್ಲೇ, ನಿಮ್ಮ ಮಗಳ ಕಣ್ಣೆದುರೇ ಸಾಯ್ತಾರೆ."

ಚಿಕ್ಕಪ್ಪ ಲೋಟ ಕಿತ್ತುಕೊಂಡು ತಾನೇ ಕುಡಿದ. ಜನ ಚದುರಿದರು. ಕಯೆತಾನ್ ಅವಳ ಕುರ್ಚಿಯ ಪಕ್ಕ ಹಾದು ಹೋಗುವಾಗ ಒಂದು ಕ್ಷಣ ನಿಂತ. ಅವನ ಷರ್ಟಿನ ಸೋಪಿನ ವಾಸನೆ ಬಂತು.

"ಎಷ್ಟು ಚೆನ್ನಾಗಿ ಹೇಳ್ತೀರಿ," ಎಂದ ಮೆಲ್ಲಗೆ. "ನಾನೂ ನಂಬಿದ್ದೆ."

"ಕಯ್ತೆಕ್..."

"ನಿಮ್ಮ ಸಾರು ಆರ್ತಿದೆ, ಸಿಸ್ಟರ್."

ವೇದಿಕೆಗೆ ಹೋಗಿ ಅಕಾರ್ಡಿಯನ್ನಿನ ಪಟ್ಟಿಯನ್ನು ಹೆಗಲಿಗೇರಿಸಿದ. ಸಭಾಂಗಣದ ಆ ತುದಿಯಿಂದ ಯಾರೋ, ವೋಡ್ಕಾ ಕಹಿಯಾಗಿದೆ, ಗಂಡುಹೆಣ್ಣು ಮುತ್ತಿಟ್ಟು ಸಿಹಿ ಮಾಡಲಿ ಎಂದು ಕೂಗಿದರು. ನೂರು ಜನ ಮೇಜು ಬಡಿಯುತ್ತಾ ಜೊತೆಗೂಡಿದರು: ಕಹಿ, ಕಹಿ, ಕಹಿ. ಕಯೆತಾನ್ ಮದುಮಕ್ಕಳತ್ತ ತಿರುಗಿ ನುಡಿಸತೊಡಗಿದ. ಇರ್ಮಿನಾ ಕುಳಿತು, ಉಳಿದವರ ಹಾಗೆ, ತಾನೂ ಕೂಗಿದಳು.