ಅರಿಶಿನ ಹಾಕಿದ ಎಂಜಿನ್

ಯೋಗ್ಯತಾಯಂತ್ರದ ನೀಲಿ ಕಿರಣ ಸೆಲ್ಮಾ ಕರ್ಕಡಳ ವಿಮಾನದ ಎಂಜಿನ್ನಿನ ಮೇಲೆಲ್ಲ ಹರಿದಾಡಿ, ಮೂರನೆಯ ಸಿಲಿಂಡರಿನ ಬಳಿ ನಿಂತುಬಿಟ್ಟಿತು.

“ನೀರ್ಕವಚದ ಬೆಸುಗೆಯಲ್ಲಿ ಸೋರಿಕೆ. ಅರಿಶಿನದಿಂದ ಮುಚ್ಚಲಾಗಿದೆ. ಅಯೋಗ್ಯ,” ಎಂದಿತು ಯಂತ್ರ. ಕೆಂಪು ದೀಪ ಹತ್ತಿತು.

ಆ ಕಾಲದಲ್ಲಿ ಚಲಿಸುವ ವಸ್ತು ಯಾವುದೇ ಇರಲಿ, ಈ ಯಂತ್ರ ಒಪ್ಪಬೇಕಿತ್ತು. ಲೋಹದೊಳಗಿನ ಕೂದಲೆಳೆಯಷ್ಟು ಬಿರುಕೂ ಅದರ ಕಣ್ಣು ತಪ್ಪಿಸುವಂತಿರಲಿಲ್ಲ. ಅಯೋಗ್ಯವೆಂದದ್ದು ಅಂದೇ ಕುಲುಮೆಗೆ. ದುರಸ್ತಿಯಾದದ್ದನ್ನೆಲ್ಲ ಮತ್ತೆ ಪರೀಕ್ಷಿಸಬೇಕೆಂಬುದೂ ಒಂದು ನಿಯಮ. ಮಂಗಳೂರಿನ ಪರೀಕ್ಷಾಲಯದ ಅಧಿಕಾರಿ ಜಿನರಾಜ ಪಡಿವಾಳರಿಗೆ ಎಂಜಿನ್ನಿನ ಗಂಧಗಾಳಿ ಇರಲಿಲ್ಲ. ದೀಪದ ಬಣ್ಣ ಗೊತ್ತಿದ್ದರೆ ಅವರ ಕೆಲಸ ನಡೆಯುತ್ತಿತ್ತು.

“ಎಂತ ಮೇಡಂ, ವಿಜ್ಞಾನಿಯಾಗಿ ಎಂಜಿನ್ನಿಗೆ ಅರಿಶಿನ ಹಾಕುದಾ?”

“ನನ್ನಮ್ಮ ಶಿರಾಡಿ ಘಾಟಿಯಲ್ಲಿ ಲಾರಿ ಓಡಿಸ್ತಿದ್ದವರು. ರೇಡಿಯೇಟರ್ ಸೋರಿದ್ರೆ ಒಂದು ಮುಷ್ಟಿ ಅರಿಶಿನ ಪುಡಿ. ನೀರಿನೊಟ್ಟಿಗೆ ಹೋಗಿ ಸಂದಿಯಲ್ಲಿ ಕೂತು ಉಬ್ತದೆ. ಅದರಲ್ಲಿ ನಾಚಿಕೆ ಎಂತದು?”

“ಅಲ್ಲ, ಗಾಳಿಯಲ್ಲಿ ಹಾರುವ ಎಂಜಿನ್ನಿಗೆ ನೀರೆಂತಕ್ಕೆ? ಗಾಳಿಯೇ ತಂಪಲ್ವಾ?”

ಸೆಲ್ಮಾ ವಿವರಿಸಿದಳು. ಮೊದಲ ಮಹಾಯುದ್ಧಕ್ಕೂ ಮುಂಚಿನ ಜರ್ಮನ್ ಮಾದರಿ ಇದು. ಆರು ಸಿಲಿಂಡರುಗಳು ಒಂದರ ಹಿಂದೊಂದು ಸಾಲಾಗಿ ನಿಂತರೆ ಹಿಂದಿನವಕ್ಕೆ ಗಾಳಿ ಸಿಗುವುದಿಲ್ಲ. ಅದಕ್ಕೇ ಒಂದೊಂದು ಉಕ್ಕಿನ ಸಿಲಿಂಡರಿಗೂ ತೆಳುತಗಡಿನ ಅಂಗಿ, ಅಂದರೆ ನೀರ್ಕವಚ, ತೊಡಿಸಿ ಬೆಸೆದರು. ನಡುವೆ ಹರಿಯುವ ನೀರು ಶಾಖವನ್ನು ರೇಡಿಯೇಟರಿಗೆ ಹೊತ್ತೊಯ್ಯುತ್ತದೆ. ಹಳೆಯ ನಕ್ಷೆ ನೋಡಿ ಆರನ್ನೂ ಅವಳು ತನ್ನ ಕೈಯಾರೆ ಬೆಸೆದಿದ್ದಳು. ಒಮ್ಮೆಯಾದರೂ ಅದರ ಸದ್ದು ಕೇಳಬೇಕೆಂಬುದೊಂದೇ ಅವಳ ಆಸೆ.

ಪಡಿವಾಳರು ಕುಲುಮೆಯ ಗಾಡಿಯನ್ನು ಕರೆಸಿದರು. ಸೆಲ್ಮಾ ಎಂಜಿನ್ನಿಗೆ ಬೆನ್ನು ಕೊಟ್ಟು ನಿಂತಳು. “ಇದನ್ನು ಕೊಂಡುಹೋಗುದಾದ್ರೆ ನನ್ನನ್ನೂ ಎತ್ತಿ ಗಾಡಿಗೆ ಹಾಕಿ.”

ಅಷ್ಟರಲ್ಲಿ ಯೋಗ್ಯತಾಯಂತ್ರದ ಹಿಂಬದಿಯಿಂದ ಬುಸ್ಸೆಂದು ಆವಿ ಎದ್ದಿತು. ಲೋಕದ ತಪ್ಪನ್ನೆಲ್ಲ ಎತ್ತಿ ಆಡುವ ಆ ಮಿದುಳನ್ನೂ ತಂಪಾಗಿಡುತ್ತಿದ್ದುದು ನೀರೇ. ಅದರ ನಾಳದ ಬೆಸುಗೆ ಬಿರುಕು ಬಿಟ್ಟಿತ್ತು.

“ಇದು ಸುಟ್ಟುಹೋದ್ರೆ ನನ್ನ ಕತೆ ಮುಗೀತು ಮಾರಾಯ್ರೆ. ಎಂತಾದ್ರೂ ಮಾಡಿ,” ಎಂದರು ಪಡಿವಾಳರು.

ಹಾಳಾಗಿ ಹೋಗಲಿ ಎಂದು ಸೆಲ್ಮಾ ಅನ್ನಬಹುದಿತ್ತು. ಅಂದಿದ್ದರೆ ನಾವ್ಯಾರೂ ಅವಳನ್ನು ಬಯ್ಯುತ್ತಿರಲಿಲ್ಲ. ಆದರೆ ಕಾದು ಕೆಂಡವಾಗುತ್ತಿರುವ ಯಂತ್ರವನ್ನು ನೋಡಿಕೊಂಡು ಕೈಕಟ್ಟಿ ನಿಲ್ಲುವುದು ಅವಳ ಜಾಯಮಾನವಲ್ಲ. ಚೀಲದಿಂದ ಅರಿಶಿನದ ಡಬ್ಬಿ ತೆಗೆದಳು. ನೀರಿಗೆ ಕದಡಿ ಯಂತ್ರದ ತೊಟ್ಟಿಗೆ ಹೊಯ್ದಳು. ಸ್ವಲ್ಪ ಹೊತ್ತಿಗೆ ಆವಿ ನಿಂತಿತು. ಪಡಿವಾಳರು ಉಸಿರುಬಿಟ್ಟರು.

ನಿಯಮವೆಂದರೆ ನಿಯಮ. ದುರಸ್ತಿಯಾದ ಯಂತ್ರ ತನ್ನ ಕಿರಣವನ್ನು ತನ್ನತ್ತಲೇ ತಿರುಗಿಸಿತು.

“ನೀರ್ನಾಳದ ಬೆಸುಗೆಯಲ್ಲಿ ಸೋರಿಕೆ. ಅರಿಶಿನದಿಂದ ಮುಚ್ಚಲಾಗಿದೆ. ಅಯೋಗ್ಯ.”

ಇನ್ನೊಂದು ಕೆಂಪು ದೀಪ ಹತ್ತಿತು.

“ಅದರ ಮಾತು ಸರಿ ಅಂತಾದ್ರೆ ಎರಡನ್ನೂ ಕುಲುಮೆಗೆ ಹಾಕಿ,” ಎಂದಳು ಸೆಲ್ಮಾ. “ತಪ್ಪು ಅಂತಾದ್ರೆ ದಾರಿ ಬಿಡಿ.”

ಪಡಿವಾಳರು ಎರಡೂ ದೀಪಗಳನ್ನು ನೋಡಿದರು. ಗಾಡಿಯವನನ್ನು ಹಿಂದಕ್ಕೆ ಕಳಿಸಿದರು. ಆಮೇಲೆ ನೀರಿನ ಕೊಡ ಎತ್ತಿಕೊಂಡು, “ಎಲ್ಲಿಗೆ ಹೊಯ್ಯುದು?” ಎಂದು ಕೇಳಿದರು.

ಸೆಲ್ಮಾ ಎಂಜಿನ್ನಿನ ರೇಡಿಯೇಟರಿನ ಬಾಯಿ ತೋರಿಸಿದಳು. ನೀರು ತುಂಬಿದ ಮೇಲೆ ಪ್ರೊಪೆಲ್ಲರನ್ನು ಎರಡೂ ಕೈಯಿಂದ ಹಿಡಿದು ಬೀಸಿ ತಿರುಗಿಸಿದಳು. ಎಂಜಿನ್ ಕೆಮ್ಮಿತು, ಸುಮ್ಮನಾಯಿತು. ಮತ್ತೆ ಬೀಸಿದಳು. ಈ ಸಲ ಆರೂ ಸಿಲಿಂಡರುಗಳು ಗುಡುಗಿದವು. ಕಿಟಕಿಯ ಗಾಜುಗಳು ಅದುರಿದವು. ಅವಳ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

ಪಡಿವಾಳರು ಮೂರನೆಯ ಸಿಲಿಂಡರಿನ ಅಡಿಯಲ್ಲಿ ಅಂಗೈ ಒಡ್ಡಿ ನಿಂತೇ ಇದ್ದರು. ಅಂಗೈ ಒಣಗಿಯೇ ಇತ್ತು.