ದುರ್ಗದಬೈಲಿಗೆ ಬಂದ ಅತಿಥಿ

ರೇಷ್ಮಾ ನದಾಫ ಹುಬ್ಬಳ್ಳಿಯ ಪ್ರಯೋಗಾಲಯದಲ್ಲಿ ಕುರ್ಚಿಗೆ ಒರಗಿ ಕೂತಿದ್ದರು. ಅದೇ ಗಳಿಗೆಯಲ್ಲಿ ನಾರ್ವೆಯ ಉತ್ತರದ ದ್ವೀಪವೊಂದರ ಕಡಲಂಚಿನಲ್ಲಿ ಆಳೆತ್ತರದ ಯಂತ್ರವೊಂದು ಹಿಮದ ಮೇಲೆ ಹೆಜ್ಜೆಯಿಟ್ಟಿತು. ಹಿಮ ಕರಕರನೆ ಮುರಿದದ್ದು ರೇಷ್ಮಾ ಅವರ ಅಂಗಾಲಿಗೆ ತಿಳಿಯಿತು.

“ಅಯ್ಯ ಇಂಚರಾ, ಕಾಲು ಜುಮ್ ಅಂತು ನೋಡವಾ!”

“ಥಂಡಿ ಹೆಚ್ಚಾತೇನ್ರಿ ಅಕ್ಕೋರ? ಕಡಿಮಿ ಮಾಡ್ಲೇನು?”

“ಬ್ಯಾಡ, ಬ್ಯಾಡ. ಇದಕ್ಕಂತನ ಬಂದೇನಲ್ಲ!”

ಆ ಯಂತ್ರದ ಹೆಸರು ಜಂಗಮ. ಅದನ್ನು ರೂಪಿಸಿದವಳು ಡಾಕ್ಟರ್ ಇಂಚರಾ ಹಿರೇಗೌಡರ. ನಡೆಯಬೇಕೆಂದು ನಾವು ಅಂದುಕೊಂಡಾಗ ನರಗಳಲ್ಲಿ ಏಳುವ ಸಣ್ಣ ವಿದ್ಯುತ್ ಸಂಚಲನವನ್ನು ಕತ್ತಿನ ಪಟ್ಟಿಯೊಂದು ಓದಿ, ಉಪಗ್ರಹದ ಮೂಲಕ ದೂರದ ಯಂತ್ರಕ್ಕೆ ಕಳಿಸುತ್ತಿತ್ತು. ಯಂತ್ರಕ್ಕೆ ಅಲ್ಲಿ ತಾಗಿದ ಗಾಳಿ, ಚಳಿ, ನೆಲದ ಒರಟು ಎಲ್ಲವನ್ನೂ ಅಂಗಾಲಿನವರೆಗೆ ಮೈಗಂಟಿದ ಅಂಗಿಯ ಎಳೆಗಳು ಬಿಗಿದು, ಸಡಿಲಿಸಿ, ಕಾದು, ತಣಿದು ಇಲ್ಲಿ ಮೂಡಿಸುತ್ತಿದ್ದವು. ಕೂತವರ ಕಾಲು ಅಲುಗಬೇಕಾಗಿರಲಿಲ್ಲ.

ಹೈಸ್ಕೂಲಿನಲ್ಲಿ ಇಂಚರಾಳಿಗೆ ಭೂಗೋಳ ಕಲಿಸಿದವರು ರೇಷ್ಮಾ. ಕಡಲು ಬೆಟ್ಟಗಳ ನಡುವೆ ಕೈಚಾಚಿ ಬರುವ ನಾರ್ವೆಯ ಕಣಿವೆಗಳನ್ನು ಅವರು ಬೋರ್ಡಿನ ಮೇಲೆ ಎಷ್ಟು ಆಸೆಯಿಂದ ಬಿಡಿಸುತ್ತಿದ್ದರೆಂದರೆ, ಅಕ್ಕೋರು ಅಲ್ಲಿಯೇ ಹುಟ್ಟಿದವರೆಂದು ಮಕ್ಕಳು ತಿಳಿದಿದ್ದರು. ನಿವೃತ್ತರಾದ ಮೇಲೆ ಹೋಗಬೇಕೆಂದಿದ್ದರು. ಅಷ್ಟರಲ್ಲಿ ಹೃದಯ ಸೋತಿತು. ವಿಮಾನದ ಮಾತೇ ಬೇಡವೆಂದರು ವೈದ್ಯರು. ಹೀಗಾಗಿ ಜಂಗಮ ಸಿದ್ಧವಾದಾಗ ಮೊದಲ ಪಯಣ ಯಾರದೆಂದು ಇಂಚರಾ ಯೋಚಿಸಲೇ ಇಲ್ಲ.

ನಡುಹಗಲಾದರೂ ಅಲ್ಲಿ ಸೂರ್ಯನಿರಲಿಲ್ಲ, ನೀಲಿ ಮಬ್ಬು ಮಾತ್ರ. ಯಂತ್ರದ ಕಣ್ಣಿನಿಂದ ರೇಷ್ಮಾ ಅದನ್ನು ಕಣ್ತುಂಬ ನೋಡಿದರು. ಅತ್ತರು, ನಕ್ಕರು. ಮರಳುವಾಗ ಮರದ ಮನೆಯೊಂದರ ಕಿಟಕಿಯಿಂದ ಮುದುಕಿಯೊಬ್ಬಳು ಕೈಬೀಸಿದಳು. ಯಂತ್ರವನ್ನು ತನ್ನ ದೋಣಿ ನಿಲ್ಲಿಸುವ ಕೊಟ್ಟಿಗೆಯಲ್ಲಿ ಇಟ್ಟುಕೊಂಡಿದ್ದ ಇಂಗ್ರಿಡ್ ಅವಳೇ. ಸೊಂಟದ ಹತ್ತಿರ ಬೆನ್ನುಹುರಿಗೆ ಪೆಟ್ಟಾಗಿ ಬಹಳ ವರ್ಷಗಳಿಂದ ಗಾಲಿಕುರ್ಚಿಯಲ್ಲಿದ್ದಳು. ಅವಳ ಮಾತನ್ನು ಯಂತ್ರವೇ ಪುಸ್ತಕದ ಕನ್ನಡಕ್ಕೆ ತಿರುಗಿಸಿ ಹೇಳುತ್ತಿತ್ತು.

“ನಿಮ್ಮ ಊರು ಹೇಗಿದೆ?” ಎಂದು ಅವಳು ಕೇಳಿದಳು.

ರೇಷ್ಮಾ ಅವರಿಗೆ ಸಂಕೋಚವಾಯಿತು. “ನಮ್ಮೂರಾಗ ನೋಡಾಕ ಏನೈತ್ರಿ? ಧೂಳು, ಗದ್ದಲ. ಸಂಜಿಮುಂದ ದುರ್ಗದಬೈಲ ಬಜಾರಕ್ಕ ಹೋದ್ರ ಕಾಲಿಡಾಕ ಜಾಗಾ ಇರಂಗಿಲ್ಲ. ಮಂದಿ ಮೈಮ್ಯಾಲ ಬೀಳ್ತಾರ.”

“ಮೈಮೇಲೆ ಬೀಳುತ್ತಾರೆಯೇ?” ಇಂಗ್ರಿಡ್ ಕಿಟಕಿಯ ಗಾಜಿಗೆ ಮುಖ ತಂದಳು. “ಈ ದ್ವೀಪದಲ್ಲಿ ಉಳಿದಿರುವುದು ಕೆಲವೇ ಮನೆಗಳು. ಜಾತ್ರೆಯಂತಹ ಒಂದು ಬಜಾರಿನಲ್ಲಿ ಜನರ ನಡುವೆ ನಿಲ್ಲಬೇಕೆಂಬುದು ನನ್ನ ಬಹುಕಾಲದ ಆಸೆ. ನನ್ನನ್ನು ಕರೆಯುವಿರಾ?”

ಇಂಚರಾ ಒಪ್ಪಲಿಲ್ಲ. “ಅಕ್ಕೋರ, ಜಂಗಮ ಖಾಲಿ ಜಾಗಾದಾಗ ಅಷ್ಟ ನಡದೈತ್ರಿ. ಗದ್ದಲದಾಗ ತೋಲ ತಪ್ಪಿ ಯಾರ ಮ್ಯಾಲರ ಬಿದ್ರ, ನಾಳೆ ಈ ಕೆಲಸಾನ ಬಂದ್ ಮಾಡಸ್ತಾರ.”

“ನನ್ನ ಆಶಾ ತೀರಿಸಿದಿ. ಆಕಿದು ಆಶಾ ಅಲ್ಲೇನು? ನಾ ಕೈ ಹಿಡಕೊಂಡ ಅಡ್ಡಾಡಸ್ತೇನಿ, ನಡಿ.”

ಅಕ್ಕೋರ ಮಾತಿಗೆ ಎದುರಾಡುವುದು ಇಂಚರಾ ಶಾಲೆಯಲ್ಲಿಯೂ ಕಲಿತಿರಲಿಲ್ಲ. ಇಂಗ್ರಿಡ್‌ಗೆ ಅಂಗಿಯೊಂದನ್ನು, ಕತ್ತಿನ ಪಟ್ಟಿಯೊಂದನ್ನು ಕಳಿಸಿದಳು. ಅವು ತಲುಪಿದ ಮೇಲೆ ಒಂದು ರವಿವಾರ ಸಂಜೆ, ಹುಬ್ಬಳ್ಳಿಯಲ್ಲಿದ್ದ ಇನ್ನೊಂದು ಜಂಗಮ ರೇಷ್ಮಾ ಅವರ ಕೈಹಿಡಿದು ದುರ್ಗದಬೈಲಿಗೆ ಬಂತು.

ಜನ ಮೊದಲು ದಾರಿ ಬಿಟ್ಟರು. ಆಮೇಲೆ, ಹುಬ್ಬಳ್ಳಿಯ ಮಂದಿಯಲ್ಲವೆ, ಮೂಗಿನ ತನಕ ಬಂದು ಮಾತಾಡಿಸಿದರು. ಬಂದಿರುವುದು ನಾರ್ವೆಯ ಮುದುಕಿಯೆಂದು ರೇಷ್ಮಾ ಕೇಳಿದವರಿಗೆಲ್ಲ ಹೇಳಿದರು. ಮಂಡಕ್ಕಿಯ ಗಿರ್ಮಿಟ್, ಮಿರ್ಚಿ ಭಜಿ ಮಾರುವವನು ಪೊಟ್ಟಣ ಚಾಚಿದ.

“ಏ, ಆಕಿಗೆ ತಿನ್ನಾಕ ಬರಂಗಿಲ್ಲಪಾ,” ಎಂದರು ರೇಷ್ಮಾ.

“ತಿನ್ನದಿದ್ರ ಹೋಗ್ಲಿ ಬಿಡ್ರಿ, ಬಿಸಿ ಐತಿ, ಕೈಯಾಗರ ಹಿಡೀಲಿ. ಮನೀಗೆ ಬಂದವ್ರನ್ನ ಖಾಲಿ ಕೈಲೆ ಹೆಂಗ ಕಳಸೂದು?”

ಇಂಗ್ರಿಡ್ ಎರಡೂ ಕೈಯಲ್ಲಿ ಅದನ್ನು ಹಿಡಿದಳು. ಹಿಡಿಯಲೆಂದು ರೇಷ್ಮಾ ಅವರ ಕೈ ಬಿಟ್ಟಿದ್ದಳು. ಆಗಲೇ ಹಿಂದಿನಿಂದ ತಳ್ಳುಗಾಡಿಯೊಂದು ಒತ್ತಿಕೊಂಡು ಬಂತು. ಜನ ಸರಿದರು, ಜಂಗಮ ಮುಗ್ಗರಿಸಿತು. ರೇಷ್ಮಾ ಚಾಚಿದ ಕೈಗೆ ಅದು ಸಿಗಲಿಲ್ಲ.

“ಏ ಹಿಡೀರೋ! ಮುದುಕಿ ಬಿದ್ದಳು, ಹಿಡೀರಿ!”

ಯಾರು ಕೂಗಿದರೋ ತಿಳಿಯದು. ಎಲ್ಲ ಕಡೆಯಿಂದ ಕೈಗಳು ಬಂದವು. ಭುಜ, ಬೆನ್ನು, ಮೊಣಕೈ, ಸಿಕ್ಕಲ್ಲಿ ಹಿಡಿದು ಯಂತ್ರವನ್ನು ಎತ್ತಿ ನಿಲ್ಲಿಸಿದರು. ಹೂ ಮಾರುವ ಹೆಂಗಸೊಬ್ಬಳು ಅದರ ಬೆನ್ನು ಸವರಿ, “ಏನೂ ಆಗಿಲ್ಲ ಬಿಡವಾ, ಏನೂ ಆಗಿಲ್ಲ,” ಎಂದಳು.

ಹಿಂದೆಯೇ ಬರುತ್ತಿದ್ದ ಇಂಚರಾ ಜನರನ್ನು ಸರಿಸಿ ಯಂತ್ರದ ಮುಂದೆ ಬಂದಳು. “ಇಂಗ್ರಿಡ್, ಕೇಳಸ್ತದೇನ್ರಿ? ಬಂದ್ ಮಾಡ್ಲೇನು?”

“ಬೇಡ,” ಎಂದಿತು ಯಂತ್ರ, ತನ್ನ ಪುಸ್ತಕದ ಕನ್ನಡದಲ್ಲಿ. “ದಯವಿಟ್ಟು ಇನ್ನು ಸ್ವಲ್ಪ ಹೊತ್ತು. ದಾದಿಯನ್ನು ಬಿಟ್ಟರೆ ನನ್ನನ್ನು ಯಾರಾದರೂ ಮುಟ್ಟಿ ಎಷ್ಟು ಕಾಲವಾಯಿತೋ. ಆ ಹೆಂಗಸಿಗೆ ಕೈ ತೆಗೆಯಬೇಡವೆಂದು ಹೇಳಿ.”

ರೇಷ್ಮಾ ಹೇಳಿದರು. ಹೂವಿನವಳು ಬುಟ್ಟಿ ಕೆಳಗಿಟ್ಟು ಪಕ್ಕದಲ್ಲಿಯೇ ನಿಂತಳು.

ಮುಂದಿನ ವರ್ಷಗಳಲ್ಲಿ ಜಂಗಮಗಳು ಜಗತ್ತಿನ ತುಂಬ ನಿಂತವು. ಹಿಮಶಿಖರ, ಜಲಪಾತಗಳಿಗೆ ಜನ ಒಮ್ಮೆ ಹೋಗಿ ತೃಪ್ತರಾಗುತ್ತಿದ್ದರು. ಮತ್ತೆ ಮತ್ತೆ ಕೇಳುತ್ತಿದ್ದದ್ದು ಬೇರೆಯದನ್ನೇ: ಶಾಲೆ ಬಿಡುವ ಹೊತ್ತಿನ ಗೇಟು, ಮದುವೆಮನೆಯ ಅಡುಗೆಕೋಣೆ, ನಾಲ್ಕು ಜನ ಹರಟುವ ಕಟ್ಟೆ. ಜಂಗಮವನ್ನು ಇವುಗಳಿಗಾಗಿ ಕಟ್ಟಿದ್ದೇನೆಂದು ಇಂಚರಾಳಿಗೇ ಗೊತ್ತಿರಲಿಲ್ಲ. ಇಂಗ್ರಿಡ್ ಪ್ರತಿ ರವಿವಾರ ಬರುತ್ತಿದ್ದಳು. ರೇಷ್ಮಾ ಅವರ ಕೊನೆಯ ರವಿವಾರದವರೆಗೂ, ಆಮೇಲೆಯೂ.

ಹಾಗೊಂದು ರವಿವಾರ ಇಂಚರಾ ಕಾರನ್ನು ದೂರದಲ್ಲಿಯೇ ಬಿಟ್ಟು, ಇಂಗ್ರಿಡ್ ಅಷ್ಟು ದೂರದಿಂದ ಬಯಸಿ ಬರುವ ಆ ಗದ್ದಲದೊಳಗೆ ತಾನೂ ಒಬ್ಬಳೇ ನಡೆದು ಬಂದಳು. ಯಾವ ಅಂಗಿಯೂ ಇಲ್ಲದೆ, ಯಾವ ಪಟ್ಟಿಯೂ ಇಲ್ಲದೆ ಜನ ಒಬ್ಬರಿಗೊಬ್ಬರು ತಾಗುತ್ತ, “ಸರೀರಿ ಅತ್ಲಾಗ!” ಎಂದು ಸಿಡುಕುತ್ತ, ಮನೆ ಸೇರುವ ಅವಸರದಲ್ಲಿದ್ದರು.